ಅಜ್ಜಿಗೆ ಕೊಟ್ಟ ಪಾಸ್

ಒಂದು ಲೋಟ ಟೀ ಆರುವುದರೊಳಗೆ ಓದಿ ಮುಗಿಸಬಹುದಾದ ಪುಟ್ಟ ಕಥೆ... ಇಷ್ಟವಾದರೆ ನಿಮ್ಮವರಿಗೂ ಕಳಿಸಿ.

ಕೊಡಗಿನಲ್ಲಿ ಬೇಸಿಗೆ ಬಂತೆಂದರೆ ಮನೆತನಗಳ ನಡುವೆ ಹಾಕಿ ಪಂದ್ಯ. ಒಂದು ಮನೆತನವೆಂದರೆ ಒಂದು ತಂಡ... ಮೊಮ್ಮಗನೂ ಆಡಬಹುದು, ಅಜ್ಜಿಯೂ ಆಡಬಹುದು.

ನಮ್ಮ ಮೈದಾನದಲ್ಲಿ ಯಾರೂ ಬರೆದಿಡದ ಒಂದು ನಿಯಮವಿದೆ. ಅಜ್ಜಿಯರನ್ನು ಯಾರೂ ಅಡ್ಡಗಟ್ಟುವುದಿಲ್ಲ. ಎದುರು ತಂಡದ ಹುಡುಗರು ಗೌರವದಿಂದ ದೂರ ಸರಿದು ನಿಲ್ಲುತ್ತಾರೆ.

ಆ ದಿನ ಗ್ಯಾಲರಿಯ ತುಂಬ ಒಂದೇ ಮಾತು... ಪೂವಣ್ಣ ಲೀಗಿಗೆ ರೆಡಿಯೋ, ಅಲ್ಲವೋ?

ಪೂವಣ್ಣ ಕೊನೆಯ ವರ್ಷದ ಬಿ.ಕಾಂ. ಹುಡುಗ, ಯೂನಿವರ್ಸಿಟಿ ತಂಡದ ಫಾರ್ವರ್ಡ್. ಅವನ ಆಟ ನೋಡಲೆಂದೇ ಒಂದು ಲೀಗ್ ತಂಡದ ಕೋಚ್ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಅವರು ಮೆಚ್ಚಿದರೆ ತಂಡದ ತರಬೇತಿ ಕ್ಯಾಂಪ್... ಮೆಚ್ಚದಿದ್ದರೆ ಈ ವರ್ಷದ ಆಸೆ ಅಲ್ಲಿಗೇ ಮುಗಿಯಿತು.

ನನ್ನ ಪಕ್ಕದಲ್ಲಿ ಬೇಕರಿಯ ಹಮೀದ್ ಸಾಹೇಬರು ಬನ್ನಿನ ಚೀಲ ಹಿಡಿದು ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ನಿವೃತ್ತ ಸುಬೇದಾರ್ ಉತ್ತಯ್ಯನವರು ಬಂದರು.

"ಹಮೀದ್, ಆ ಕಡೆ ಸರಿ ಮಾರಾಯ. ಅಲ್ಲಿ ಕೂತ್ರೆ ನಂಗೆ ಬಿಸಿಲು ಹೊಡೀತದೆ" ಎನ್ನುತ್ತಾ ಅವರ ಎಡಗಡೆಗೆ ನುಸುಳಿ ಕುಳಿತರು.

ಬಿಸಿಲೆಲ್ಲಿ ಎಂದು ನಾನು ತಲೆ ಎತ್ತಿ ನೋಡಿದೆ... ಆಕಾಶದ ತುಂಬ ಮೋಡ.

ಕೂತವರೇ ಸುಬೇದಾರರು ತೀರ್ಪು ಕೊಟ್ಟರು. "ಹುಡುಗ ರೆಡಿ ಇಲ್ಲ. ಕಾಲೇಜು ಬೇರೆ, ಲೀಗ್ ಬೇರೆ. ಅಲ್ಲಿ ಹೊಡೆತ ಬೇಕು."

"ಅವನ ಹೊಡೆತ ನೀವು ನೋಡಿಲ್ವಾ ಸುಬೇದಾರ್ರೇ?" ಎಂದರು ಹಮೀದ್ ಸಾಹೇಬರು.

"ಹೊಡೆತ ಉಂಟು, ಸ್ವಭಾವ ಮೆದು. ಅವನ ಅಜ್ಜನೂ ಹಾಗೇ. ಬಸ್ಸಲ್ಲಿ ಕಂಡವರಿಗೆಲ್ಲ ಸೀಟು ಬಿಟ್ಟುಕೊಟ್ಟು ಮಡಿಕೇರಿ ತನಕ ನಿಂತೇ ಹೋಗ್ತಿದ್ರು."

"ಅದು ತಪ್ಪಾ?"

"ಬಸ್ಸಲ್ಲಿ ತಪ್ಪಲ್ಲ. ಹಾಕಿಯಲ್ಲಿ ತಪ್ಪು."

ನಾನು ನಕ್ಕೆ. "ತಗೊಳ್ಳಿ ಟೀಚರ್" ಎಂದು ಹಮೀದ್ ಸಾಹೇಬರು ನನ್ನ ಕೈಗೂ ಒಂದು ಬನ್ ಇಟ್ಟರು.

ಆಟ ಶುರುವಾಯಿತು. ಮೊದಲರ್ಧದಲ್ಲಿ ಪೂವಣ್ಣ ತನ್ನ ದೊಡ್ಡಪ್ಪನ ಮಗನಿಗೆ ಒಂದು ಪಾಸ್ ಕೊಟ್ಟ... ಚೆಂಡಿಗೆ ಕೋಲು ತಾಗಿದ ಸದ್ದು ಗ್ಯಾಲರಿಗೂ ಕೇಳಿಸಿತು. ಗೋಲ್.

"ಈಗ ಹೇಳಿ" ಎಂದರು ಹಮೀದ್ ಸಾಹೇಬರು. ಸುಬೇದಾರರು ಇನ್ನೊಂದು ಬನ್ನಿಗೆ ಕೈ ಹಾಕಿದರು.

ಆದರೆ ಎದುರು ತಂಡ ಎರಡು ಗೋಲ್ ಹೊಡೆದು ಮುಂದೆ ಹೋಯಿತು. ಇನ್ನೇನು ಆಟ ಮುಗಿಯಬೇಕು...

ಪೂವಣ್ಣ ಚೆಂಡು ತೆಗೆದುಕೊಂಡು ಒಬ್ಬನನ್ನು ದಾಟಿದ, ಇನ್ನೊಬ್ಬನನ್ನೂ ದಾಟಿದ. ಈಗ ಎದುರಿಗೆ ಉಳಿದವನು ಗೋಲ್‌ಕೀಪರ್ ಮಾತ್ರ.

"ಹೊಡಿ... ಹೊಡಿ..." ಗ್ಯಾಲರಿಯೇ ಎದ್ದು ನಿಂತಿತು.

ಅವನು ಹೊಡೆಯಲಿಲ್ಲ. ಬಲಗಡೆಗೆ ಮೆಲ್ಲಗೆ ಪಾಸ್ ಕೊಟ್ಟ.

ಅಲ್ಲಿ ಟ್ರ್ಯಾಕ್ ಪ್ಯಾಂಟ್ ತೊಟ್ಟು, ತಲೆಗೆ ವಸ್ತ್ರ ಕಟ್ಟಿ ನಿಂತಿದ್ದವರು ಅವನ ಅಜ್ಜಿ ದೇಚಮ್ಮ... ವಯಸ್ಸು ಎಪ್ಪತ್ತು ದಾಟಿದೆ. ಸುತ್ತಮುತ್ತ ಒಬ್ಬರೂ ಇಲ್ಲ.

ದೇಚಮ್ಮ ಕೋಲು ಬೀಸಿದರು... ಚೆಂಡು ಗೋಲ್ ಕಂಬವನ್ನು ಸವರಿಕೊಂಡು ಹೊರಗೆ ಹೋಯಿತು. ಅಂಪೈರ್ ವಿಸಿಲ್ ಊದಿದರು. ತಂಡ ಸೋತಿತು.

ಸುಬೇದಾರರು ಹಣೆ ಚಚ್ಚಿಕೊಂಡರು. "ಮುಗೀತು. ಕೋಚ್ ಕಣ್ಣೆದುರೇ ಅಜ್ಜಿಗೆ ಪಾಸ್ ಕೊಟ್ಟ. ಲೀಗಲ್ಲಿ ಅಜ್ಜಿ ಇರ್ತಾರಾ?"

ಹಮೀದ್ ಸಾಹೇಬರು ಬನ್ನಿನ ಚೀಲದ ಬಾಯಿ ಮಡಚಿದರು.

ಅಷ್ಟರಲ್ಲಿ ಕೋಚ್ ಎದ್ದು ಮೈದಾನಕ್ಕೆ ಇಳಿದರು. ಪೂವಣ್ಣನ ಕಡೆಗಲ್ಲ... ದೇಚಮ್ಮನ ಕಡೆಗೆ. ನಾವೂ ಅವರ ಹಿಂದೆಯೇ ಹೋದೆವು.

ದೇಚಮ್ಮ ನೆಲದ ಮೇಲೆ ಕುಳಿತುಬಿಟ್ಟಿದ್ದರು. "ಸಾರ್, ತಪ್ಪು ನಂದು. ನನ್ನ ತಪ್ಪಿಗೆ ಹುಡುಗನ್ನ ಕೈ ಬಿಡ್ಬೇಡಿ" ಎಂದರು.

ಕೋಚ್ ಅವರ ಪಕ್ಕದಲ್ಲೇ ಕುಳಿತರು. "ಅಮ್ಮ, ಆ ಚೆಂಡು ನಿಮ್ಮ ಹತ್ರ ಹೇಗೆ ಬಂತು?"

ದೇಚಮ್ಮ ಸ್ವಲ್ಪ ಯೋಚಿಸಿದರು. "ಸಾಕಿದ ಬೆಕ್ಕಿನ ಹಾಗೆ ಬಂತು ಸಾರ್... ಕೋಲಿನ ಹತ್ರ ಬಂದು ಕೂತ್ಕೊಳ್ತು. ನಾನೇ ಗಡಿಬಿಡಿ ಮಾಡ್ದೆ."

ಕೋಚ್ ಪೂವಣ್ಣನ ಕಡೆ ತಿರುಗಿದರು. "ನೀನೇ ಯಾಕೆ ಹೊಡೀಲಿಲ್ಲ?"

"ಕೀಪರ್ ನನ್ನ ಎದುರಿಗೇ ಇದ್ದ ಸಾರ್. ಅಜ್ಜಿ ಎದುರು ಯಾರೂ ಇರ್ಲಿಲ್ಲ."

"ಅಣ್ಣನಿಗೆ ಅಷ್ಟು ಜೋರಾಗಿ ಕೊಟ್ಟೆ. ಅಜ್ಜಿಗೆ ಅಷ್ಟು ಮೆಲ್ಲಗೆ, ಅದೂ ಅವರ ಬಲಗಾಲಿನ ಕಡೆಗೇ... ಯಾಕೆ?"

"ಅಜ್ಜಿಗೆ ಎಡಗಾಲಿನ ಮಂಡಿ ನೋವು ಸಾರ್. ಆ ಕಡೆ ಬಗ್ಗೋಕೆ ಆಗಲ್ಲ."

ಸುಬೇದಾರರಿಗೆ ತಡೆಯಲಾಗಲಿಲ್ಲ. "ಕೋಚ್ ಸಾಹೇಬ್ರೇ, ಲೀಗಲ್ಲಿ ಅಜ್ಜಿ ಇರಲ್ವಲ್ಲ?"

ಕೋಚ್ ನಕ್ಕರು. "ನನ್ನ ತಂಡದಲ್ಲಿ ಮಂಡಿ ನೋವಿನವರೇ ಮೂರು ಜನ ಇದ್ದಾರೆ. ಜೋರಾಗಿ ಹೊಡೆಯೋರು ಬೇಕಾದಷ್ಟು. ತಗೊಳ್ಳೋರ ಕೈ ನೋಡಿ ಕೊಡೋರು ಯಾರೂ ಇಲ್ಲ."

ಆಮೇಲೆ ಹುಡುಗನ ಬೆನ್ನು ತಟ್ಟಿದರು. "ಓಟ ಇನ್ನೂ ಸಾಲದು, ಅದನ್ನು ನಾನು ಕಲಿಸ್ತೇನೆ. ಇದನ್ನು ಕಲಿಸೋಕೆ ನಂಗೆ ಬರಲ್ಲ. ಮುಂದಿನ ತಿಂಗಳು ಕ್ಯಾಂಪಿಗೆ ಬಾ."

ದೇಚಮ್ಮ ತಲೆಯ ವಸ್ತ್ರ ಬಿಚ್ಚಿ ಮುಖ ಮುಚ್ಚಿಕೊಂಡರು... ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇತ್ತೇನೋ.

ವಾಪಸ್ ಗ್ಯಾಲರಿ ಹತ್ತುವಾಗ ಸುಬೇದಾರರು, "ಮೆದು, ಮೆದು ಅಂತ ಏನೇನೋ ಹೇಳಿಬಿಟ್ಟೆ" ಎಂದು ತಮ್ಮಷ್ಟಕ್ಕೆ ಗೊಣಗಿದರು.

ನಾನೆಂದೆ, "ಸುಬೇದಾರರೇ, ಹಾಗೆ ನೋಡಿದರೆ ಲೀಗಿಗೆ ನೀವೂ ರೆಡಿ."

"ನಾನಾ? ಎಂತಕ್ಕೆ ಟೀಚರ್?"

"ಹಮೀದ್ ಸಾಹೇಬರಿಗೆ ಬಲಗಿವಿ ಕೇಳಿಸುವುದಿಲ್ಲ. ನೀವು ಮೋಡದ ದಿನವೂ ಬಿಸಿಲಿನ ನೆಪ ಹೇಳಿ ಅವರ ಎಡಗಡೆಗೇ ಕೂರುತ್ತೀರಲ್ಲ..."

ಸುಬೇದಾರರು ಕಕ್ಕಾಬಿಕ್ಕಿಯಾಗಿ ಗೆಳೆಯನ ಮುಖ ನೋಡಿದರು.

ಹಮೀದ್ ಸಾಹೇಬರು ಚೀಲದಲ್ಲಿ ಬನ್ ಹುಡುಕುತ್ತಾ ಮೆಲ್ಲಗೆ ಹೇಳಿದರು. "ನಂಗೆ ಮೊದಲಿಂದ ಗೊತ್ತು ಟೀಚರ್. ಹೇಳಿದ್ರೆ ಇವರಿಗೆ ನಾಚಿಕೆ ಆಗ್ತದಲ್ಲ... ಅದಕ್ಕೇ ಸುಮ್ನೆ ಸರಿದು ಕೂರ್ತೇನೆ."

ಸುಬೇದಾರರು ಕರ್ಚೀಫ್ ತೆಗೆದು ಕಣ್ಣೊರೆಸಿಕೊಂಡರು.

"ಎಂತ ಬಿಸಿಲು ಮಾರಾಯ..." ಎಂದರು.

ಆಕಾಶದಲ್ಲಿ ಇನ್ನೂ ಮೋಡವೇ ಇತ್ತು.

*

ಜೋರಾಗಿ ಹೊಡೆಯುವುದು ಶಕ್ತಿ... ತೆಗೆದುಕೊಳ್ಳುವವರ ಕೈಗೆ ಎಟುಕುವಂತೆ ಕೊಡುವುದೇ ಆಟ.

ಇವತ್ತು ನೀವು ಯಾರಿಗೆ ಏನು ಕೊಟ್ಟಿರಿ... ಅವರ ಮಂಡಿ ನೋವು ನಿಮಗೆ ನೆನಪಿತ್ತೇ?