ಎಡಗಡೆಯ ಹೂ

ದೇವರ ಅಪ್ಪಣೆ ಕೇಳಲು ಬೀರಪ್ಪನ ಕಲ್ಲಿನ ಎಡಬಲಕ್ಕೆ ಅವ್ವ ಮಾಯವ್ವ ಅಂಟಿಸಿದ್ದ ಎರಡು ಹೂಗಳನ್ನು ಸುಧಾರಾಣಿ ನೋಡುತ್ತಿದ್ದಳು. ನಾಳೆ ತುಳಸಿಗೇರಿ ಬಿಟ್ಟು ಪುಣೆ ಸೇರಬೇಕು. ಬಲದ ಹೂ ಬಿದ್ದರೆ ದೂರದ ಕನ್ನಡ ಹೈಸ್ಕೂಲು. ಎಡದ್ದು ಬಿದ್ದರೆ ಮನೆಯ ಪಕ್ಕದ ಮರಾಠಿ ಹೈಸ್ಕೂಲು. ಮರಾಠಿಯ ಒಂದಕ್ಷರವೂ ಬಾರದವಳಿಗೆ ಈ ವರ್ಷವೇ ಹತ್ತನೆಯ ತರಗತಿ.

ಎಡದ ಹೂ ಆಗಲೇ ಜಾರತೊಡಗಿತ್ತು. ಬಲದ ಹೂವಿನ ಸುತ್ತ ಕಲ್ಲು ಒದ್ದೆಯಾಗಿತ್ತು; ಎಡಗಡೆ ಒಣಗಿಯೇ ಇತ್ತು.

"ಯವ್ವಾ, ಇದಕ್ಕ ನೀರ ಹಚ್ಚಿಲ್ಲಲ್ಲ."

ಮಾಯವ್ವ ತಲೆಯೆತ್ತಲಿಲ್ಲ. "ಆ ಕನ್ನಡ ಸಾಲಿಗೆ ಎರಡ ಬಸ್ಸ ಹತ್ತಿಳಿಬೇಕಂತ. ಅಷ್ಟ ಮಂದ್ಯಾಗ ನೀ ಒಬ್ಬಾಕಿ. ನನಗ ಅಂಜಿಕಿ ಬರ್ತೈತಿ."

"ನನಗೂ ಬರ್ತೈತಿ," ಎಂದ ಸುಧಾರಾಣಿ ಬೆರಳನ್ನು ತಂಬಿಗೆಯ ನೀರಲ್ಲಿ ಅದ್ದಿ, ಎಡದ ಹೂವನ್ನು ಕಲ್ಲಿಗೆ ಒತ್ತಿ ಹಿಡಿದಳು. "ಈಗ ದೇವರನ್ನ ಕೇಳ, ಯವ್ವಾ."