ಪಕ್ಕದ ಹೆಜ್ಜೆ

ಇನ್ನೊಬ್ಬಳ ಹೆಜ್ಜೆ ಇವತ್ತೂ ಕೇಳಿಸಿತು.

ಅವಳು ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಪಾರ್ಕಿನ ಧ್ವನಿವರ್ಧಕದಲ್ಲಿ ಕೊಳಲು, ಅದರ ಜೊತೆಗೆ ಜಲ್ಲಿಯ ಮೇಲೆ ಗಂಡನ ಬೂಟು. ಎಡಗಾಲನ್ನು ಎಳೆದು ಹಾಕುವ ಆ ನಡಿಗೆ ಅವಳಿಗೆ ಹಳೆಯ ಪರಿಚಯ. ಪಕ್ಕದಲ್ಲೇ ಹಗುರವಾದ ಇನ್ನೊಂದು ನಡಿಗೆ. ಹೆಂಗಸಿನದೇ, ಅನುಮಾನವಿಲ್ಲ.

ಮೂವತ್ತು ವರ್ಷ ನೃತ್ಯ ಕಲಿಸಿದವಳು ಅವಳು. ತಡವಾಗಿ ಬಂದು ಕಳ್ಳಹೆಜ್ಜೆಯಲ್ಲಿ ಒಳಗೆ ನುಸುಳಿದ ಹುಡುಗಿ ಯಾರೆಂದು ತಿರುಗಿ ನೋಡದೆ ಹೇಳುತ್ತಿದ್ದಳು. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಇನ್ನು ಏಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆಮೇಲೆ ಗಂಡ ಒಂದು ಉಪಾಯ ಮಾಡಿದ. ಬೆಳಗ್ಗೆ ತಾನು ವಾಕಿಂಗ್ ಹೋದಷ್ಟು ಹೊತ್ತನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಕೇಳಿಸತೊಡಗಿದ. ಸಂಗೀತ ಶುರುವಾದರೆ ಸಾಕು, ಅವಳು ಕಣ್ಣು ಮುಚ್ಚಿ ನಡೆಯುತ್ತಿದ್ದಳು. ಲಯ ನಿಧಾನವಾದರೆ ಕೊಳದ ದಂಡೆ, ಚುರುಕಾದರೆ ಏರುದಾರಿ. ದಿನದಲ್ಲಿ ಅವಳು ಬದುಕುತ್ತಿದ್ದದ್ದು ಅದೊಂದೇ ಗಂಟೆ.

ಮೂರು ತಿಂಗಳಿಂದ ಆ ಗಂಟೆಯೊಳಗೆ ಇನ್ನೊಬ್ಬಳು ಬಂದು ಸೇರಿಕೊಂಡಿದ್ದಳು.

ಮಾತಿಲ್ಲ, ಕತೆಯಿಲ್ಲ. ಮಾತೇ ಬೇಡದಷ್ಟು ಸಲಿಗೆ ಇರಬೇಕು ಎಂದುಕೊಂಡಳು. ಏರಿನಲ್ಲಿ ಅವನು ಹಿಂದೆ ಬಿದ್ದರೆ ಆಕೆ ನಿಂತು ಕಾಯುತ್ತಿದ್ದಳು. ಮತ್ತೆ ಹೊರಟರೆ ತಾಳಕ್ಕೆ ಸರಿಯಾಗಿ ಬೀಳುವ ಹೆಜ್ಜೆ, ಕೂದಲೆಳೆಯಷ್ಟೂ ತಪ್ಪಿಲ್ಲ. ಟೀಚರ ಕಿವಿ ಶಹಭಾಸ್ ಎಂದರೆ ಹೆಂಡತಿಯ ಹೊಟ್ಟೆ ಉರಿಯುತ್ತಿತ್ತು. ಕೇಳುವುದೇ ಬೇಡವೆಂದರೆ ಇದ್ದ ಒಂದು ನಡಿಗೆಯೂ ಹೋಗುತ್ತಿತ್ತು.

ಮರುದಿನ ಬೆಳಗ್ಗೆ ಅವನು ಬೂಟು ಹಾಕಿಕೊಂಡು ಹೊರಟೊಡನೆ, ತನ್ನನ್ನು ನೋಡಿಕೊಳ್ಳುವ ನರ್ಸನ್ನು ಹಿಂದೆಯೇ ಕಳಿಸಿದಳು. ನರ್ಸು ಐದೇ ನಿಮಿಷಕ್ಕೆ ಮರಳಿದಳು.

"ಸಾರ್ ಎಲ್ಲೂ ಹೋಗಿಲ್ಲಮ್ಮ. ಕೆಳಗೆ ಮೆಟ್ಟಿಲ ಮೇಲೆ ಒಬ್ರೇ ಕೂತಿದ್ದಾರೆ."

ಒಂದು ಗಂಟೆ ಕಳೆದು ಅವನು ಬಂದ. ಬೆವರಿಲ್ಲದ ಹಣೆ ಒರೆಸಿಕೊಂಡು, ಎಂದಿನಂತೆ ಫೋನನ್ನು ಅವಳ ಮುಂದೆ ಹಿಡಿದ.

"ಯಾರ್ರೀ ಅವಳು, ನಿಮ್ಮ ಪಕ್ಕ ನಡೆಯೋಳು? ಹೇಳಿಬಿಡಿ. ನಾನಂತೂ ಎದ್ದು ಬಂದು ಜಗಳ ಆಡೋ ಹಾಗಿಲ್ಲ."

ಅವನು ಮಂಚದ ತುದಿಯಲ್ಲಿ ಕುಸಿದು ಕೂತ. ಪಾರ್ಕೇ ಈಗಿಲ್ಲ ಎಂದ. ತಗಡಿನ ಬೇಲಿ ಹಾಕಿ, ಮರ ಕಡಿದು, ಕೊಳ ಮುಚ್ಚಿ ಮೂರು ತಿಂಗಳಾಗಿತ್ತಂತೆ. ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಸಂಗೀತದ ಆಸೆಗೆ ಎಂದೋ ರೆಕಾರ್ಡ್ ಮಾಡಿಕೊಂಡಿದ್ದ ನಡಿಗೆಗಳು ಹಳೆಯ ಫೋನಿನಲ್ಲಿದ್ದವು. ಅವನ್ನೇ ಒಂದಾದ ಮೇಲೊಂದು ಕೇಳಿಸುತ್ತ ಬಂದಿದ್ದ. ಅವೂ ಮುಗಿಯುತ್ತ ಬಂದಿದ್ದವು.

ಅವಳು ಪಟ್ಟು ಬಿಡಲಿಲ್ಲ.

"ಹಳೇದಾದ್ರೇನು? ಅವಳ್ಯಾರು ಹೇಳಿ."

ಅವನು ಹೊದಿಕೆಯ ಮೇಲಿಂದಲೇ ಅವಳ ಪಾದ ಹಿಡಿದುಕೊಂಡ. ಹಿಡಿದದ್ದು ಅವಳಿಗೆ ತಿಳಿಯಲಿಲ್ಲ.

"ನೀನೇ ಕಣೇ."