ನಿಂಬೆಗೆ ಬಡ್ತಿ

"ಏ ನಿಂ..." ಎಂದು ಕೂಗಿದ ಕಂಡಕ್ಟರ್ ಅಲ್ಲೇ ನಾಲಿಗೆ ಕಚ್ಚಿಕೊಂಡ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಆಪರೇಷನ್ ಮುಗಿಸಿಕೊಂಡು ಅಂದೇ ಕೆಲಸಕ್ಕೆ ಮರಳಿದ್ದ ಡ್ರೈವರ್ ಅಲ್ಲಿ ನಿಂತಿದ್ದ. ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ. ಅದರ ಕೆಳಗೆ ಈಗ ಎಲ್ಲ ಸಪಾಟು.

ಅಲ್ಲಿ ಎಷ್ಟೋ ವರ್ಷದಿಂದ ನಿಂಬೆಹಣ್ಣಿನಂಥ ಗಡ್ಡೆಯೊಂದಿತ್ತು. ಡಿಪೋದಲ್ಲಿ ಅವನ ಹೆಸರೇ ನಿಂಬೆ. ಹೋದ ತಿಂಗಳು ಡಾಕ್ಟರು ಒತ್ತಿ ನೋಡಿ, "ಮೋಸಂಬಿಯಷ್ಟಾಗಿದೆ, ತೆಗೆಸಿಬಿಡಿ" ಎಂದಾಗ, "ನಮ್ಮ ನಿಂಬೆಗೆ ಬಡ್ತಿ ಸಿಕ್ತು" ಎಂದು ಎಲ್ಲರನ್ನೂ ನಗಿಸಿದವನು ಇದೇ ಕಂಡಕ್ಟರ್. ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದಾರೆಂದು ತಿಳಿದ ಮೇಲೆ ಕಂಡಕ್ಟರ್ ಆ ಹೆಸರನ್ನು ಮತ್ತೆ ಬಾಯಿಗೆ ತರಬಾರದೆಂದುಕೊಂಡಿದ್ದ.

"ಬನ್ನಿ ಅಣ್ಣ, ಕೂತ್ಕೊಳ್ಳಿ" ಎಂದ ಈಗ, ಯಾರೋ ಹೊಸಬರನ್ನು ಕರೆಯುವವನಂತೆ. "ರಿಪೋರ್ಟು ಬಂತಾ?"

"ಬಂತು. ಬರೀ ಕೊಬ್ಬಿನ ಗಡ್ಡೆಯಂತೆ, ಭಯ ಪಡೋದೇನಿಲ್ವಂತೆ." ಡ್ರೈವರ್ ಬೆಂಚಿನ ತುದಿಯಲ್ಲಿ ಕೂತ. ರಿಪೋರ್ಟು ಕೈಗೆ ಬಂದಾಗಲೂ ಅವನಿಗೆ ಇಷ್ಟು ಕಸಿವಿಸಿಯಾಗಿರಲಿಲ್ಲ. ತನ್ನ ಜೊತೆ ಒಂದೇ ಬಸ್ಸಿನಲ್ಲಿ ತಲೆ ನರೆಸಿಕೊಂಡ ಗೆಳೆಯ ಬಹುವಚನ ಹಚ್ಚಿದ್ದ. "ಇದೇನು ಹೊಸದಾಗಿ ಬನ್ನಿ, ಕೂತ್ಕೊಳ್ಳಿ? ಡಾಕ್ಟರು ಗಡ್ಡೆ ತೆಗೆದಿದ್ದಾರೆ ಕಣೋ, ಹೆಸರು ತೆಗೆದಿಲ್ಲ."

ಕಂಡಕ್ಟರ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಆಮೇಲೆ ತಾನು ಅರ್ಧ ಕುಡಿದಿಟ್ಟಿದ್ದ ಚಹಾದ ಲೋಟವನ್ನೇ ಅವನ ಮುಂದೆ ತಳ್ಳಿದ.

"ಬೇಗ ಕುಡಿಯೋ ನಿಂಬೆ, ಬಸ್ಸಿಗೆ ಹೊತ್ತಾಯ್ತು."